ಮೊದಲ ಬೈಕು ನೂರು ಸಿಸಿಯದೇ ಇರಲಿ: ಮಂಗಳೂರು, ಉಡುಪಿಯ ಹೊಸ ಸವಾರರಿಗೆ ಒಂದು ಮಾರ್ಗದರ್ಶಿ

ಗೇರ್ ಇರುವ ಬೈಕನ್ನು ಹೊಸದಾಗಿ ಕಲಿತು, ಅದರಲ್ಲಿಯೇ ದಿನವೂ ಕಾಲೇಜಿಗೋ ಕೆಲಸಕ್ಕೋ ಹೋಗಿಬರಬೇಕೆಂದಿರುವವರು ಮಂಗಳೂರು ಅಥವಾ ಉಡುಪಿಯ ಆಸುಪಾಸಿನಲ್ಲಿ ನೆಲೆಸಿದ್ದರೆ, ಅವರು ನೂರು ಸಿಸಿಯ ಹಗುರವಾದ, ಕಡಿಮೆ ಬೆಲೆಯ ಬೈಕನ್ನೇ ಕೊಳ್ಳುವುದು ಒಳ್ಳೆಯದು. ಇದನ್ನು ಹಣದ ಉಳಿತಾಯಕ್ಕಾಗಿ ಮಾತ್ರ ಹೇಳುತ್ತಿಲ್ಲ. ನಮ್ಮಲ್ಲಿ ಸಮತಟ್ಟಾದ ರಸ್ತೆ ಕಡಿಮೆ. ಕದ್ರಿಯಿಂದ ಮಣಿಪಾಲದವರೆಗೆ ಎಲ್ಲಿ ಹೋದರೂ ಏರು, ಇಳಿಜಾರು, ತಿರುವುಗಳೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬೀಳುತ್ತದೆ, ಉಳಿದ ಕಾಲದಲ್ಲಿ ಸಮುದ್ರದ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತಿರುತ್ತದೆ. ಇಂಥ ಊರಿನಲ್ಲಿ ಕಲಿಯುವವರ ಕೈಯಲ್ಲಿರುವ ಗಾಡಿ ಹಗುರವಾಗಿದ್ದಷ್ಟೂ ಅವರ ಗಮನ ಗಾಡಿಯನ್ನು ಹಿಡಿದು ನಿಲ್ಲಿಸುವುದರಲ್ಲಿ ಕಳೆದುಹೋಗದೆ ರಸ್ತೆಯ ಮೇಲೆ ಇರುತ್ತದೆ.

ಹೀರೋ ಸ್ಪ್ಲೆಂಡರ್ ಪ್ಲಸ್ ಮತ್ತು ಎಚ್‌ಎಫ್ ಡಿಲಕ್ಸ್ ಎರಡಕ್ಕೂ 97.2 ಸಿಸಿಯ ಎಂಜಿನ್ ಇದ್ದು, ತೂಕ 110 ಕಿಲೋ ಆಸುಪಾಸಿನಲ್ಲಿದೆ. 2023ರಲ್ಲಿ ಬಂದ ಹೋಂಡಾ ಶೈನ್ 100 ಇನ್ನೂ ಹಗುರ, 99 ಕಿಲೋ. ಅದರ ಸೀಟಿನ ಎತ್ತರ 786 ಮಿಲಿಮೀಟರ್ ಆಗಿರುವುದರಿಂದ ಎತ್ತರ ಕಡಿಮೆ ಇರುವವರಿಗೂ ಎರಡೂ ಕಾಲು ನೆಲಕ್ಕೆ ಸಿಗುತ್ತದೆ. ಬಜಾಜ್ ಪ್ಲಾಟಿನಾ 100 ಮತ್ತು ಟಿವಿಎಸ್ ಸ್ಪೋರ್ಟ್ ಕೂಡ ಇದೇ ವರ್ಗದವು. ಮೀನು ಮಾರುವವರ ನೆಚ್ಚಿನ ಟಿವಿಎಸ್ ಎಕ್ಸೆಲ್ 100 ಇವೆಲ್ಲಕ್ಕಿಂತ ಹಗುರವಾದರೂ ಅದಕ್ಕೆ ಗೇರ್ ಇಲ್ಲ, ಆದ್ದರಿಂದ ಗೇರ್ ಬೈಕಿನ ಲೈಸೆನ್ಸ್ ಬೇಕಾದವರಿಗೆ ಅದು ಆಗದು. ಗೇರ್ ಇರುವ ಈ ಬೈಕುಗಳೆಲ್ಲವೂ ಕೊಡುವ ಶಕ್ತಿ ಸುಮಾರು ಎಂಟು ಅಶ್ವಶಕ್ತಿ ಮಾತ್ರ, ಆದರೆ ಇಂದ್ರಾಳಿಯಿಂದ ಮಣಿಪಾಲಕ್ಕೆ ಹಿಂದೊಬ್ಬರನ್ನು ಕೂರಿಸಿಕೊಂಡು ಹತ್ತಲು ಅಷ್ಟು ಸಾಕು. ಸರಿಯಾದ ಸಮಯಕ್ಕೆ ಗೇರ್ ಇಳಿಸುವ ಅಭ್ಯಾಸ ಮಾತ್ರ ಬೇಕು, ಆ ಅಭ್ಯಾಸವನ್ನು ಸಣ್ಣ ಎಂಜಿನ್ ಚೆನ್ನಾಗಿಯೇ ಕಲಿಸುತ್ತದೆ. ಲೀಟರಿಗೆ 60 ಕಿಲೋಮೀಟರ್ ಓಡುವುದು ಇವುಗಳಿಗೆ ಕಷ್ಟವಲ್ಲ. ಸೆಲ್ಫ್ ಇದ್ದರೂ ಕಿಕ್ಕರ್ ಇರುವ ಮಾದರಿಯನ್ನೇ ಆರಿಸಿಕೊಳ್ಳಿ, ಏಕೆಂದರೆ ಆಟಿ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಕೆಲವು ದಿನ ಹೊರಗೇ ನಿಂತ ಗಾಡಿಯ ಬ್ಯಾಟರಿ ಬೆಳಗ್ಗೆ ಸೋತಿದ್ದರೆ ಅದೇ ಸುಲಭದ ದಾರಿ.

ಹೊಸದನ್ನು ಕೊಳ್ಳುವುದಾದರೆ ನೋಂದಣಿ, ವಿಮೆ ಎಲ್ಲ ಸೇರಿ ಲಕ್ಷ ರೂಪಾಯಿಯೊಳಗೆ ಮುಗಿಯುತ್ತದೆ. 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದ ಮೇಲೆ ಬೆಲೆ ಇನ್ನಷ್ಟು ಕೈಗೆಟಕುವಂತಾಗಿದೆ. ಆದರೂ ಕಲಿಯುವವರಿಗೆ ಸೆಕೆಂಡ್ ಹ್ಯಾಂಡ್ ಗಾಡಿಯೇ ಹಿತ ಎಂದು ನಾನು ಹೇಳುತ್ತೇನೆ. ಕಲಿಯುವಾಗ ಒಂದೆರಡು ಬಾರಿಯಾದರೂ ಗಾಡಿ ಬೀಳುತ್ತದೆ, ಇಂಡಿಕೇಟರ್ ಒಡೆಯುತ್ತದೆ, ಕ್ಲಚ್ ಲಿವರ್ ಬಾಗುತ್ತದೆ. ಅದೆಲ್ಲ ಹಳೆಯ ಗಾಡಿಗೆ ಆದರೆ ಮನಸ್ಸಿಗೂ ಜೇಬಿಗೂ ಭಾರವಾಗುವುದಿಲ್ಲ. 2019ರ ಏಪ್ರಿಲ್‌ನಿಂದ ಈ ವರ್ಗದ ಬೈಕುಗಳಿಗೆ ಹಿಂದಿನ ಬ್ರೇಕನ್ನು ತುಳಿದಾಗ ಮುಂದಿನದೂ ಜೊತೆಗೂಡಿ ಹಿಡಿಯುವ ವ್ಯವಸ್ಥೆ ಕಡ್ಡಾಯವಾಗಿದೆ, ಹೊಸಬರ ಬಲಗಾಲು ಗಾಬರಿಯಲ್ಲಿ ತಾನಾಗಿಯೇ ಬ್ರೇಕಿನ ಮೇಲೆ ಬೀಳುವುದರಿಂದ ಈ ಅನುಕೂಲ ಸಣ್ಣದಲ್ಲ. ಆದ್ದರಿಂದ ಹಣ ಹೊಂದಿಸಲು ಸಾಧ್ಯವಾದರೆ ಆ ದಿನಾಂಕದ ಅನಂತರ ತಯಾರಾದ ಗಾಡಿಯನ್ನು ಹುಡುಕಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆಯ ಮಾಲಿನ್ಯಕ್ಕೆ ಹಾಕಿದ ಹೊಸ ಮಿತಿ) ಗಾಡಿಗಳಾದರೆ ಹೆಚ್ಚಿನವುಗಳಲ್ಲಿ ಚೋಕ್ ಎಳೆಯುವ ಕೆಲಸವೂ ಇಲ್ಲ.

ಕರಾವಳಿಯಲ್ಲಿ ಹಳೆಯ ಬೈಕನ್ನು ನೋಡುವ ಕ್ರಮ ಘಟ್ಟದ ಮೇಲಿನವರ ಕ್ರಮಕ್ಕಿಂತ ಬೇರೆ. ಇಲ್ಲಿ ಎಂಜಿನ್‌ಗಿಂತ ಮೊದಲು ತುಕ್ಕನ್ನು ನೋಡಬೇಕು. ಹಗಲು ಹೊತ್ತಿನಲ್ಲಿ ಹೋಗಿ, ಟಾರ್ಚ್ ಹಿಡಿದು ಬಗ್ಗಿ, ಸೈಲೆನ್ಸರಿನ ತಳಭಾಗ, ಹಿಂದಿನ ಮಡ್‌ಗಾರ್ಡ್ ಚಾಸಿಸ್‌ಗೆ (ಗಾಡಿಯ ಚೌಕಟ್ಟಿಗೆ) ಸೇರುವ ಬೋಲ್ಟಿನ ಸುತ್ತ, ಮೇನ್ ಸ್ಟ್ಯಾಂಡಿನ ಸ್ಪ್ರಿಂಗು, ಬ್ಯಾಟರಿ ಕೂರುವ ತಟ್ಟೆ, ಸೀಟಿನ ಅಡಿಯ ತಗಡು ಇವನ್ನು ಒಂದೊಂದಾಗಿ ಪರೀಕ್ಷಿಸಿ. ಮೇಲಿನ ಬಣ್ಣ ಹೊಳೆಯುತ್ತಿದ್ದು ತಳದಲ್ಲಿ ತಗಡು ಬೆರಳೊತ್ತಿದರೆ ಪುಡಿಯಾಗುವಂತಿದ್ದರೆ ಆ ಗಾಡಿ ಬೇಡ. ಮುಂದಿನ ಚಕ್ರವನ್ನು ಹಿಡಿದ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಸಣ್ಣ ತುಕ್ಕಿನ ಚುಕ್ಕೆಗಳಿದ್ದರೆ ಅವು ಆಯಿಲ್ ಸೀಲನ್ನು ಕೊರೆದು ಎಣ್ಣೆ ಸೋರಿಸುತ್ತವೆ, ಸೀಲ್ ಬದಲಿಸಿದರೂ ಕೆಲವೇ ತಿಂಗಳಲ್ಲಿ ಮತ್ತೆ ಸೋರುತ್ತದೆ. ಇನ್ನೊಂದು ವಿಚಾರವನ್ನು ಮರೆಯಬಾರದು: 2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಬಂದಂಥ ನೆರೆಯಲ್ಲಿ ಮುಳುಗಿದ ಗಾಡಿಗಳು ತೊಳೆದು ಒರೆಸಿಕೊಂಡು ಮಾರಾಟಕ್ಕೆ ಬರುವುದುಂಟು. ಹೆಡ್‌ಲೈಟಿನ ಗಾಜಿನ ಒಳಗೆ ಕೆಸರಿನ ಗೆರೆ, ಫ್ಯೂಸಿನ ಡಬ್ಬದ ಮೂಲೆಯಲ್ಲಿ ಒಣಗಿದ ಮಣ್ಣು, ವಯರಿನ ತುದಿಗಳಲ್ಲಿ ಹಸಿರು ಕಿಲುಬು ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಹಿಂದಿರುಗಿ.

ಎಂಜಿನ್ ವಿಷಯದಲ್ಲಿ, ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಮುಂಚಿತವಾಗಿ ಹೇಳಿ, ಹೋದ ಕೂಡಲೇ ಎಂಜಿನ್ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ. ತಣ್ಣಗಿನ ಗಾಡಿ ಎರಡು ಮೂರು ಕಿಕ್ಕಿನೊಳಗೆ ಹೊತ್ತಿಕೊಳ್ಳಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ತಂಪು ಬೆಳಗಿನಲ್ಲಿ ಸ್ವಲ್ಪ ಹೊತ್ತು ಕಾಣುವ ಬಿಳಿಯ ಆವಿಯಿಂದ ತೊಂದರೆಯಿಲ್ಲ. ಗಾಡಿಯನ್ನು ಮೇನ್ ಸ್ಟ್ಯಾಂಡಿಗೆ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಹಿಂದೆ ಒತ್ತಿಹಿಡಿದು ಹ್ಯಾಂಡಲನ್ನು ಆ ಬದಿಯಿಂದ ಈ ಬದಿಗೆ ನಿಧಾನವಾಗಿ ತಿರುಗಿಸಿದಾಗ ನಡುವೆ ಎಲ್ಲಿಯೋ ಸಿಕ್ಕಿಕೊಂಡಂತೆ ಅನಿಸಿದರೆ ಹ್ಯಾಂಡಲ್ ತಿರುಗಲು ನೆರವಾಗುವ ಬೇರಿಂಗು, ಅಂದರೆ ಕೋನ್ ಸೆಟ್, ಸವೆದಿದೆ. ಇಂಥ ಸಣ್ಣ ಕೆಲಸಗಳು ಗಾಡಿಯನ್ನು ತಿರಸ್ಕರಿಸಲು ಕಾರಣವಾಗಬೇಕಿಲ್ಲ, ಬೆಲೆ ಇಳಿಸಲು ಕಾರಣವಾದರೆ ಸಾಕು. ಪರಿಚಿತ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ದು ಅವರ ಶ್ರಮಕ್ಕೆ ತಕ್ಕ ಹಣ ಕೊಡುವುದು ಎಲ್ಲಕ್ಕಿಂತ ಉತ್ತಮ.

ದಾಖಲೆಗಳಲ್ಲಿ ಆರ್‌ಸಿಯ (ನೋಂದಣಿ ಪತ್ರದ) ಚಾಸಿಸ್ ಸಂಖ್ಯೆಯನ್ನು ಗಾಡಿಯ ಮೇಲೆ ಕೊರೆದ ಸಂಖ್ಯೆಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಸಾಲದಲ್ಲಿ ಕೊಂಡ ಗಾಡಿಯಾಗಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35, ಹೆಸರು ಬದಲಾವಣೆಗೆ ನಮೂನೆ 29 ಮತ್ತು 30 ಬೇಕು. ದಂಡ ಬಾಕಿ ಇದೆಯೇ ಎಂಬುದನ್ನೂ ಗಾಡಿಯ ಸಂಖ್ಯೆ ಹಾಕಿ ಮೊಬೈಲಿನಲ್ಲಿಯೇ ನೋಡಬಹುದು. ನೋಂದಣಿಯ ಅವಧಿ 15 ವರ್ಷವಾದ್ದರಿಂದ 13–14 ವರ್ಷ ಕಳೆದ ಗಾಡಿಯನ್ನು ಕೊಳ್ಳುವವರು ನವೀಕರಣದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು, 2019ರ ಏಪ್ರಿಲ್‌ಗಿಂತ ಹಿಂದಿನದಾದರೆ ಎಚ್‌ಎಸ್‌ಆರ್‌ಪಿ (ಹೆಚ್ಚಿನ ಭದ್ರತೆಯ) ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ಎಂದು ನೋಡಬೇಕು. ಗಡಿ ಹತ್ತಿರವಿರುವುದರಿಂದ ಮಂಗಳೂರಿನಲ್ಲಿ ಕೆಎಲ್–14, ಅಂದರೆ ಕಾಸರಗೋಡಿನ ನೋಂದಣಿಯ ಬೈಕುಗಳು ಅಗ್ಗಕ್ಕೆ ಸಿಗುತ್ತವೆ. ಅಲ್ಲಿಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ ಕೆಎ–19 ಅಥವಾ ಕೆಎ–20 ಮಾಡಿಸಿಕೊಳ್ಳುವ ತನಕದ ಓಡಾಟವನ್ನು ಎಣಿಸಿದರೆ ಆ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ. ಹೆಸರು ಬದಲಾದ ಕೂಡಲೇ ವಿಮೆಯನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿ. 2022ರಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿವರೆಗಿನ ಗಾಡಿಗಳ ಥರ್ಡ್ ಪಾರ್ಟಿ ವಿಮೆಗೆ ತೆರಿಗೆ ಬಿಟ್ಟು ವರ್ಷಕ್ಕೆ 714 ರೂಪಾಯಿ. ಇಷ್ಟು ಕಡಿಮೆ ಹಣಕ್ಕೆ ವಿಮೆಯಿಲ್ಲದೆ ಓಡಿಸುವ ಅಪಾಯವನ್ನು ಯಾರೂ ಮೈಮೇಲೆ ಎಳೆದುಕೊಳ್ಳಬಾರದು.

ಕಲಿಯುವ ಕಾಲವನ್ನು ಆರಿಸುವುದು ನಮ್ಮ ಊರಿನಲ್ಲಿ ಬಹಳ ಮುಖ್ಯ. ದೀಪಾವಳಿ ಕಳೆದ ಮೇಲೆ ಗಾಡಿ ಕೊಂಡು, ನವೆಂಬರಿನಲ್ಲಿ ಕಲಿಕಾ ಲೈಸೆನ್ಸ್ ಪಡೆಯಿರಿ. ಅದರ ಅವಧಿ ಆರು ತಿಂಗಳು. ಪಡೆದ 30 ದಿನಗಳ ಬಳಿಕ ಪರೀಕ್ಷೆಗೆ ಹೋಗಬಹುದು. ಹೀಗಾದರೆ ಒಣ ರಸ್ತೆಯ ಆರು ತಿಂಗಳು ಪೂರ್ತಿಯಾಗಿ ನಿಮ್ಮ ಪಾಲಿಗೆ ಸಿಗುತ್ತದೆ, ಮೊದಲ ಮಳೆ ಬೀಳುವ ಹೊತ್ತಿಗೆ ಕೈಕಾಲುಗಳು ಯೋಚಿಸದೆ ಕೆಲಸ ಮಾಡುವಷ್ಟು ಪಳಗಿರುತ್ತವೆ. ಜೂನ್ ತಿಂಗಳಲ್ಲಿ ಕಾಲೇಜು ಶುರುವಾಗುವಾಗ ಬೈಕು ಕೊಡಿಸಿ, ಜಡಿಮಳೆಯಲ್ಲಿ ಮಕ್ಕಳನ್ನು ರಸ್ತೆಗಿಳಿಸುವ ರೂಢಿ ನಮ್ಮಲ್ಲಿ ಸಾಕಷ್ಟಿದೆ. ತಂದೆತಾಯಂದಿರು ದಯವಿಟ್ಟು ಹಾಗೆ ಮಾಡಬೇಡಿ. ಗೇರ್ ಬೈಕಿಗೆ 18 ವರ್ಷ ತುಂಬಿರಲೇಬೇಕು. ಅಪ್ರಾಪ್ತ ವಯಸ್ಸಿನವರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗಿನ ಜೈಲೂ ಆಗಬಹುದು. ಕಲಿಕಾ ಲೈಸೆನ್ಸ್ ಇರುವವರು ಗಾಡಿಯ ಹಿಂದೆ ಮುಂದೆ ಕೆಂಪು ‘ಎಲ್’ ಹಾಕಬೇಕು, ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು.

ಮನೆಯ ಹತ್ತಿರದ ಪದವು (ಗುಡ್ಡದ ಮೇಲಿನ ಬಯಲು), ಊರಿನ ಆಟದ ಮೈದಾನ, ಕೊಯ್ಲು ಮುಗಿದು ಗಟ್ಟಿಯಾದ ಗದ್ದೆ, ಯಾವುದಾದರೂ ಸರಿ, ಮಾಲೀಕರ ಒಪ್ಪಿಗೆ ಪಡೆದು ಅಲ್ಲಿ ಆರಂಭಿಸಿ. ಮೊದಲ ದಿನ ಎಂಜಿನ್ ಹಚ್ಚುವುದೇ ಬೇಡ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಪಕ್ಕದಲ್ಲಿ ನಡೆಯುತ್ತ ತಳ್ಳಿ, ಎಡಕ್ಕೂ ಬಲಕ್ಕೂ ತಿರುಗಿಸಿ, ಮೇನ್ ಸ್ಟ್ಯಾಂಡಿಗೆ ಹಾಕಿ ತೆಗೆದು ಅದರ ಭಾರ ಯಾವ ಕೋನದಲ್ಲಿ ಕೈಗೆ ಬರುತ್ತದೆಂಬುದನ್ನು ಅರಿಯಿರಿ. ಸ್ಟ್ಯಾಂಡ್ ಹಾಕಲು ತೋಳ್ಬಲ ಬೇಕಿಲ್ಲ. ಎಡಗೈ ಹ್ಯಾಂಡಲಿನಲ್ಲಿ, ಬಲಗೈ ಸೀಟಿನ ಹಿಂದಿನ ಹಿಡಿಯಲ್ಲಿಟ್ಟು, ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ಸಮವಾಗಿ ತಾಗಿದ ಮೇಲೆ ಬಲಗಾಲಿನ ಮೇಲೆ ಮೈಭಾರ ಬಿಟ್ಟರೆ ಗಾಡಿ ತಾನಾಗಿ ಹಿಂದಕ್ಕೆ ಏರುತ್ತದೆ. ಹೆಣ್ಣುಮಕ್ಕಳಿಗೆ ಗೇರ್ ಬೈಕು ಭಾರವೆನ್ನುವವರು ಈ ವಿಧಾನವನ್ನು ಒಮ್ಮೆ ಕಲಿಸಿ ನೋಡಲಿ.

ಎರಡನೆಯ ಪಾಠ ಕ್ಲಚ್, ಅಂದರೆ ಎಂಜಿನ್ನನ್ನು ಚಕ್ರಕ್ಕೆ ಜೋಡಿಸುವ, ಬಿಡಿಸುವ ಭಾಗ. ಸಮತಟ್ಟಾದ ಜಾಗದಲ್ಲಿ ಒಂದನೇ ಗೇರ್ ಹಾಕಿ, ಆಕ್ಸಿಲರೇಟರನ್ನು ಮುಟ್ಟದೆ, ಕ್ಲಚ್ ಲಿವರನ್ನು ಉಗುರಿನಷ್ಟು ಉಗುರಿನಷ್ಟೇ ಬಿಡುತ್ತ ಬನ್ನಿ. ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ತುಸು ಕುಗ್ಗಿ, ಗಾಡಿಯ ಮೂತಿ ಎದ್ದಂತಾಗಿ ಮುಂದಕ್ಕೆ ತವಕಿಸುತ್ತದೆ; ಅದೇ ಹಾಫ್ ಕ್ಲಚ್. ಅಲ್ಲಿಯೇ ಬೆರಳುಗಳನ್ನು ನಿಲ್ಲಿಸಿದರೆ ನೂರು ಸಿಸಿಯ ಗಾಡಿ ಆಕ್ಸಿಲರೇಟರ್ ಇಲ್ಲದೆಯೇ ನಡಿಗೆಯ ವೇಗದಲ್ಲಿ ಸಾಗುತ್ತದೆ. ಹೊಸಬರು ಲಿವರನ್ನು ಥಟ್ಟನೆ ಬಿಡುವುದರಿಂದಲೇ ಗಾಡಿ ಹಾರಿ ಆಫ್ ಆಗುವುದು. ಈ ಒಂದು ಅಭ್ಯಾಸವನ್ನು ಬೇಸರವಾಗುವ ತನಕ ಮಾಡಿ, ಅನಂತರ ಕಾಲುಗಳನ್ನು ಎತ್ತಿ ಫುಟ್‌ರೆಸ್ಟಿನ ಮೇಲಿಡಿ, ಬಳಿಕ ನಿಲ್ಲಿಸುವುದನ್ನು ಕಲಿಯಿರಿ. ಎರಡೂ ಬ್ರೇಕನ್ನು ಒಟ್ಟಿಗೆ, ಹಿಂಡುವಂತೆ ಹಿಡಿದು, ಗಾಡಿ ನಿಲ್ಲುವ ಕೊನೆಯ ಗಳಿಗೆಯಲ್ಲಿ ಕ್ಲಚ್ ಒತ್ತಬೇಕು. ಸ್ಪ್ಲೆಂಡರಿನಂಥ ಗಾಡಿಯಲ್ಲಿ ನಾಲ್ಕೂ ಗೇರುಗಳು ಮುಂಗಾಲಿನಿಂದ ಒತ್ತಿದಂತೆ ಏರುತ್ತವೆ, ಹಿಮ್ಮಡಿಯಿಂದ ಒತ್ತಿದಾಗ ಇಳಿಯುತ್ತವೆ; ದೊಡ್ಡ ಬೈಕುಗಳಲ್ಲಿ ಮೊದಲನೆಯದು ಕೆಳಗೆ, ಉಳಿದವು ಮೇಲೆ. ನಿಮ್ಮ ಗಾಡಿಯದು ಯಾವ ಕ್ರಮವೆಂದು ಕೊಳ್ಳುವಾಗಲೇ ಕೇಳಿ ತಿಳಿಯಿರಿ. ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಕಾಲೂರದೆ ತಿರುಗಿಸಬೇಕು. ಅದಕ್ಕೆ ಹಾಫ್ ಕ್ಲಚ್, ತುಸುವೇ ಹಿಂದಿನ ಬ್ರೇಕ್, ಚಕ್ರವನ್ನು ಬಿಟ್ಟು ಹೋಗಬೇಕಾದ ತಿರುವಿನತ್ತ ನೆಟ್ಟ ನೋಟ ಇಷ್ಟೇ ಸಾಕು.

ಏರಿನಲ್ಲಿ ನಿಂತು ಹೊರಡುವುದನ್ನು ಕಲಿಯದೆ ಮಂಗಳೂರಿನ ಪೇಟೆಗೆ ಇಳಿಯಬಾರದು. ಬಾವುಟಗುಡ್ಡೆಯ ಏರಿನಲ್ಲಿ ಸಿಟಿ ಬಸ್ಸಿನ ಹಿಂದೆ ನಿಂತು, ಗಾಡಿ ಹಿಂದಕ್ಕೆ ಜಾರತೊಡಗಿದಾಗ ಎರಡೂ ಕಾಲನ್ನು ನೆಲಕ್ಕೂರಿ ಒದ್ದಾಡುವವರು ಹಿಂದಿನ ಬ್ರೇಕನ್ನು ಮರೆತಿರುತ್ತಾರೆ. ಕ್ರಮ ಹೀಗಿದೆ: ಎಡಗಾಲು ಮಾತ್ರ ನೆಲದಲ್ಲಿ, ಬಲಗಾಲು ಹಿಂದಿನ ಬ್ರೇಕಿನ ಮೇಲೆ, ಒಂದನೇ ಗೇರ್‌ನಲ್ಲಿ ಆಕ್ಸಿಲರೇಟರ್ ತುಸು ಏರಿಸಿ ಹಾಫ್ ಕ್ಲಚ್‌ವರೆಗೆ ಬಿಟ್ಟು, ಗಾಡಿ ಬ್ರೇಕಿನ ವಿರುದ್ಧ ಮುಂದಕ್ಕೆ ಎಳೆಯತೊಡಗಿದೆ ಎಂಬುದು ಮೈಗೆ ಗೊತ್ತಾದ ಮೇಲಷ್ಟೇ ಬ್ರೇಕ್ ಬಿಡಬೇಕು. ವಾಹನ ವಿರಳವಾದ ಏರೊಂದರಲ್ಲಿ ಭಾನುವಾರ ಬೆಳಗ್ಗೆ ಇದನ್ನು ಅಭ್ಯಾಸ ಮಾಡಿ. ನಂತೂರು, ಪಂಪ್‌ವೆಲ್, ಕಲ್ಸಂಕದಂಥ ವೃತ್ತಗಳಿಗೆ ಆಮೇಲೆ ಹೋದರಾಯಿತು.

ದಿನದ ಪ್ರಯಾಣದ ದೂರ ಒಂದು ಬದಿಗೆ 15–20 ಕಿಲೋಮೀಟರಿನೊಳಗೆ ಇದ್ದರೆ ಈ ಗಾಡಿ ಹೇಳಿ ಮಾಡಿಸಿದಂತೆ: ಸುರತ್ಕಲ್‌ನಿಂದ ಹಂಪನಕಟ್ಟೆ, ಬ್ರಹ್ಮಾವರದಿಂದ ಉಡುಪಿ, ಕಾಪುವಿನಿಂದ ಮಣಿಪಾಲ. ಉಡುಪಿಯಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನವೂ ನೂರು ಸಿಸಿಯಲ್ಲಿ ಹೋಗಿಬರುವುದನ್ನು ಮಾತ್ರ ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಬಸ್ ನಿಲ್ದಾಣದ ತನಕ ಬೈಕು, ಅಲ್ಲಿಂದ ಎಕ್ಸ್‌ಪ್ರೆಸ್ ಬಸ್ಸು ಎಂಬುದೇ ಸರಿಯಾದ ಏರ್ಪಾಡು. ಹೆದ್ದಾರಿಯಲ್ಲಿ ಎಡಬದಿಯಲ್ಲಿರಿ, ಯೂ ಟರ್ನ್ ದೂರವೆಂದು ಎದುರುದಿಕ್ಕಿನಲ್ಲಿ ಬರುವವರ ಸಾಲಿಗೆ ಎಂದೂ ಸೇರಬೇಡಿ, ಎದುರಿನಿಂದ ಓವರ್‌ಟೇಕ್ ಮಾಡಿಕೊಂಡು ಬರುವ ಬಸ್ಸಿಗೆ ದಾರಿ ಬಿಡಿ. ಮಲ್ಪೆಯಿಂದಲೂ ಮಂಗಳೂರಿನ ಧಕ್ಕೆಯಿಂದಲೂ ಹೊರಡುವ ಮೀನಿನ ಲಾರಿಗಳಿಂದ ಸೋರುವ ನೀರು ಎಣ್ಣೆ ಚೆಲ್ಲಿದಂತೆ ಜಾರುತ್ತದೆ. ಅಂಥ ಲಾರಿಯ ಹಿಂದೆ ಸಿಕ್ಕಿಕೊಂಡರೆ ವೇಗ ತಗ್ಗಿಸಿ ದೂರ ಉಳಿಯಿರಿ, ತಿರುವಿನಲ್ಲಿ ಬ್ರೇಕ್ ಮುಟ್ಟಬೇಡಿ.

ಮಳೆ ಶುರುವಾದ ಮೊದಲ ಅರ್ಧ ಗಂಟೆ ರಸ್ತೆ ಅತಿ ಹೆಚ್ಚು ಜಾರುವ ಹೊತ್ತು, ತಿಂಗಳುಗಟ್ಟಲೆ ಕೂತ ಎಣ್ಣೆ ಮತ್ತು ಧೂಳು ಆಗ ಮೇಲೆದ್ದು ಬರುತ್ತದೆ. ಜುಲೈ ಬಂದರೆ ಕಾಂಕ್ರೀಟು ರಸ್ತೆಯ ಅಂಚುಗಳಲ್ಲಿಯೂ ಇಂಟರ್‌ಲಾಕ್ ಹಾಸಿದ ಅಂಗಳಗಳಲ್ಲಿಯೂ ಪಾಚಿ ಕಟ್ಟುತ್ತದೆ. ಕಾಂಕ್ರೀಟು ರಸ್ತೆಯ ಅಂಚಿಗೂ ಪಕ್ಕದ ಮಣ್ಣಿಗೂ ನಡುವೆ ಮಳೆಗೆ ಕೊರೆದುಹೋದ ಮೆಟ್ಟಿಲಿನಂಥ ತಗ್ಗು ಇರುತ್ತದೆ. ಒಮ್ಮೆ ಚಕ್ರ ಕೆಳಗಿಳಿದರೆ ಓರೆಯಾಗಿ ಹತ್ತಿಸಲು ಹೋಗದೆ, ವೇಗ ಪೂರ್ತಿ ಇಳಿಸಿ, ಸಾಧ್ಯವಾದಷ್ಟು ನೇರವಾಗಿ ಹತ್ತಿಸಬೇಕು. ನೀರು ನಿಂತಲ್ಲಿ ಅಡಿಯಲ್ಲಿ ಹೊಂಡವಿದೆಯೋ ತೆರೆದ ತೋಡಿದೆಯೋ ತಿಳಿಯದು, ಆದ್ದರಿಂದ ಮುಂದಿನ ಕಾರಿನ ಚಕ್ರದ ಜಾಡಿನಲ್ಲಿಯೇ ಹೋಗಿ. ಈ ಗಾಡಿಗಳ ಡ್ರಮ್ ಬ್ರೇಕಿನೊಳಗೆ ನೀರು ಸೇರಿದರೆ ಮೊದಲ ಕೆಲವು ಸಲ ಹಿಡಿಯುವುದಿಲ್ಲ. ನೀರು ದಾಟಿದ ಮೇಲೆ ನಿಧಾನವಾಗಿ ಸಾಗುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದರೆ ಬಿಸಿಯಾಗಿ ಒಣಗುತ್ತದೆ. ಮಳೆ ಅಂಗಿ ಪ್ಯಾಂಟು ಬೇರೆ ಬೇರೆಯಾಗಿರುವ, ಹಳದಿಯಂಥ ಎದ್ದು ಕಾಣುವ ಬಣ್ಣದ್ದಿರಲಿ. ಐಎಸ್ಐ ಮುದ್ರೆಯ ಹೆಲ್ಮೆಟಿಗೆ ಬಣ್ಣವಿಲ್ಲದ ಗಾಜೇ ಬೇಕು. ಹಿಂದೆ ಕೂತವರು ಕೊಡೆ ಬಿಡಿಸಿ ಹಿಡಿಯುವುದು ನಮ್ಮೂರಿನಲ್ಲಿ ಇನ್ನೂ ಕಾಣುವ ದೃಶ್ಯ. ಗಾಳಿ ಒಮ್ಮೆ ಕೊಡೆಯನ್ನು ಸೆಳೆದರೆ ಕೂತವರೇ ಹಾರಿಹೋಗುತ್ತಾರೆ, ಆದ್ದರಿಂದ ಮಳೆ ಅಂಗಿ ಇಲ್ಲದವರನ್ನು ಮಳೆಯಲ್ಲಿ ಕೂರಿಸಿಕೊಳ್ಳದಿರುವುದೇ ಅವರಿಗೆ ಮಾಡುವ ಉಪಕಾರ.

ಗಾಡಿಯ ಆರೈಕೆಯಲ್ಲಿ ಚೈನಿಗೆ ಮೊದಲ ಸ್ಥಾನ. ಸ್ಪ್ಲೆಂಡರಿನಂಥ ಗಾಡಿಗಳಲ್ಲಿ ಚೈನು ಪೂರ್ತಿ ಮುಚ್ಚಿದ ಕವರಿನೊಳಗೆ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳದ್ದು ಮರೆತುಹೋಗುತ್ತದೆ. ತಿಂಗಳಿಗೊಮ್ಮೆ ಕವರಿನ ರಬ್ಬರ್ ಮುಚ್ಚಳ ತೆಗೆದು, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಮೇನ್ ಸ್ಟ್ಯಾಂಡಿನ ಮೇಲಿಟ್ಟು, ಎಂಜಿನ್ ಆಫ್ ಇರುವಾಗ ಬೆರಳಿನಿಂದ ಚೈನನ್ನು ಮೇಲೆ ಕೆಳಗೆ ಆಡಿಸಿ. 20ರಿಂದ 30 ಮಿಲಿಮೀಟರ್ ಆಡಿದರೆ ಸರಿ, ಹೆಚ್ಚಾದರೆ ಬಿಗಿ ಮಾಡಿಸಿ. ಅಲ್ಲಿಂದಲೇ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ 90ನೇ ದರ್ಜೆಯ ಗೇರ್ ಆಯಿಲ್ ಬಿಡಿ. ಮಳೆಗಾಲದಲ್ಲಿ ಇದನ್ನು ಹದಿನೈದು ದಿನಕ್ಕೊಮ್ಮೆ ಮಾಡಬೇಕು. ಎಂಜಿನ್ ಆಯಿಲನ್ನು 3,000 ಕಿಲೋಮೀಟರಿಗೊಮ್ಮೆ ಬದಲಿಸಿ, ಬೈಕಿಗೆಂದೇ ತಯಾರಾದ ಜಾಸೋ ಎಂಎ ಗುರುತಿನದನ್ನೇ ಹಾಕಿಸಿ. ಕಾರಿನ ಆಯಿಲ್ ಹಾಕಿದರೆ, ಆಯಿಲಿನಲ್ಲಿಯೇ ಮುಳುಗಿರುವ ಕ್ಲಚ್ ಪ್ಲೇಟುಗಳು ಜಾರತೊಡಗುತ್ತವೆ. ಕ್ಲಚ್ ಲಿವರಿನ ತುದಿ 10–20 ಮಿಲಿಮೀಟರ್ ಸಡಿಲವಾಗಿ ಆಡುವಂತಿರಲಿ. ಟಯರಿನ ಗಾಳಿಯನ್ನು ಚೈನ್ ಕವರಿನ ಮೇಲಿನ ಚೀಟಿಯಲ್ಲಿ ಅಥವಾ ಗಾಡಿಯ ಕೈಪಿಡಿಯಲ್ಲಿ ಬರೆದಷ್ಟೇ ತುಂಬಿಸಿ.

ಮೇ ತಿಂಗಳ ಕೊನೆಯ ವಾರದಲ್ಲಿ ಗಾಡಿಯನ್ನು ಮಳೆಗೆ ಸಿದ್ಧಗೊಳಿಸಿ. ಬ್ರೇಕ್ ಶೂ ಬಿಚ್ಚಿ ಒಳಗಿನ ಧೂಳು ತೆಗೆಸಿ, ಸ್ಪಾರ್ಕ್ ಪ್ಲಗ್ಗಿನ ರಬ್ಬರ್ ಟೋಪಿ ಬಿರುಕುಬಿಟ್ಟಿದ್ದರೆ ಬದಲಿಸಿ, ಸೈಲೆನ್ಸರಿಗೆ ಬಿಸಿ ತಾಳುವ ಕಪ್ಪು ಬಣ್ಣ ಹೊಡೆಸಿ, ಮಡ್‌ಗಾರ್ಡಿನ ಒಳಬದಿ ಮತ್ತು ಸ್ಟ್ಯಾಂಡಿನ ಸಂದುಗಳಿಗೆ ಬ್ರೇಕಿಗೂ ಟಯರಿಗೂ ತಾಗದಂತೆ ಗ್ರೀಸ್ ಹಚ್ಚಿ. ಪಣಂಬೂರು, ಮಲ್ಪೆಯ ಕಡಲತೀರಕ್ಕೆ ಹೋಗಿಬಂದ ದಿನವೇ ಸಿಹಿನೀರಿನಲ್ಲಿ ತಳಭಾಗವನ್ನೂ ತೊಳೆಯಿರಿ. ಒದ್ದೆ ಗಾಡಿಗೆ ಟಾರ್ಪಾಲು ಹೊದಿಸಿದರೆ ಒಳಗಿನ ತೇವ ಹೊರಹೋಗದೆ ತುಕ್ಕು ಇಮ್ಮಡಿಯಾಗುತ್ತದೆ, ಸೂರಿನಡಿ ಗಾಳಿಯಾಡುವಂತೆ ನಿಲ್ಲಿಸುವುದೇ ಮೇಲು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇದ್ದು ಅದು ನೀರನ್ನು ಹೀರಿಕೊಳ್ಳುವ ಸ್ವಭಾವದ್ದಾದ್ದರಿಂದ, ರಜೆಯಲ್ಲಿ ವಾರಗಟ್ಟಲೆ ಗಾಡಿ ನಿಲ್ಲಿಸುವವರು ಟ್ಯಾಂಕಿನ ಮುಚ್ಚಳದ ರಬ್ಬರ್ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು, ವಾರಕ್ಕೊಮ್ಮೆಯಾದರೂ ಮನೆಯವರು ಸ್ಟಾರ್ಟ್ ಮಾಡಿ ಒಂದಿಷ್ಟು ದೂರ ಓಡಿಸುವಂತೆ ಹೇಳಿಹೋಗಬೇಕು.

ಕೈ ಪಳಗಿದ ಮೇಲೆ ದೊಡ್ಡ ಬೈಕು ಬೇಕೆನಿಸುವುದು ಸಹಜ. ಒಂದು ಮಳೆಗಾಲವನ್ನು ಪೂರ್ತಿಯಾಗಿ ಇದರಲ್ಲಿ ಕಳೆದ ಮೇಲೆ ಆ ಯೋಚನೆ ಮಾಡಿ. ಚೆನ್ನಾಗಿ ನೋಡಿಕೊಂಡ ಸ್ಪ್ಲೆಂಡರಿಗೋ ಎಚ್‌ಎಫ್ ಡಿಲಕ್ಸಿಗೋ ನಮ್ಮಲ್ಲಿ ಕೊಳ್ಳುವವರ ಕೊರತೆಯಿಲ್ಲ, ಹಾಕಿದ ಹಣದ ದೊಡ್ಡ ಪಾಲು ಮರಳಿ ಬರುತ್ತದೆ. ಮಾರುವಾಗ ಸಹಿ ಹಾಕಿದ ಖಾಲಿ ನಮೂನೆಯನ್ನು ಮಧ್ಯವರ್ತಿಯ ಕೈಗೆ ಕೊಟ್ಟು ಬರಬೇಡಿ. ಕೊಳ್ಳುವವರ ಹೆಸರು, ದಿನಾಂಕ ತುಂಬಿದ ನಮೂನೆ 29ನ್ನು 14 ದಿನಗಳೊಳಗೆ ಆರ್‌ಟಿಒಗೆ ತಲುಪಿಸಿ, ಆರ್‌ಸಿಯಲ್ಲಿ ಹೆಸರು ಬದಲಾದುದನ್ನು ಕಣ್ಣಾರೆ ನೋಡುವ ತನಕ ಆ ಕೆಲಸದ ಬೆನ್ನು ಬಿಡಬೇಡಿ, ಏಕೆಂದರೆ ಹೆಸರು ಬದಲಾಗುವವರೆಗೆ ಆ ಗಾಡಿಯಿಂದಾಗುವ ಅಪಘಾತಕ್ಕೂ ದಂಡಕ್ಕೂ ನೋಟಿಸು ಬರುವುದು ನಿಮ್ಮ ಮನೆಗೇ.